ಒಲೆಗೊಂದು ಕಡಗ

ನಾಲ್ಕು ಸಾವಿರದ ನಾನೂರ ಹದಿನೇಳನೇ ನಂಬರಿನ ಕೈಗೆ ಸುಸ್ತೇ ಆಗುತ್ತಿರಲಿಲ್ಲ. ಮೊದಲ ದಿನವೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಖುಷಿ ಬಂತು. ವಿಜ್ಞಾನಿಗಳೂ ಮನುಷ್ಯರೇ ನೋಡಿ. ಬೇಕಾದ ಉತ್ತರ ತಾನಾಗಿ ಬಂದು ಮಡಿಲಿಗೆ ಬಿದ್ದರೆ ಪ್ರಶ್ನೆ ಕೇಳುವುದನ್ನೇ ಮರೆತುಬಿಡುತ್ತೇವೆ.

ನಾನು ನೀಲಗಂಗಾ. ದಾವಣಗೆರೆಯ ಹಳೇ ಹತ್ತಿ ಗಿರಣಿಯೊಂದರ ಗೋದಾಮಿನಲ್ಲಿ ನಮ್ಮ ಕಸುಬು ಮುನ್ಸೂಚನಾ ಕೇಂದ್ರವಿದೆ. ಯಾವ ಕೆಲಸ ಇನ್ನೆಷ್ಟು ದಿನ ಬದುಕುತ್ತದೆ, ಅದು ಸತ್ತ ಮೇಲೆ ಅದನ್ನು ನಂಬಿದವರು ಎಲ್ಲಿಗೆ ಹೋಗಬೇಕು, ಹೊಸದನ್ನು ಕಲಿಯಲು ಅವರಿಗೆ ಎಷ್ಟು ದಿನ ಬೇಕು, ಇಷ್ಟನ್ನು ಮೊದಲೇ ಹೇಳುವುದು ನಮ್ಮ ಕೆಲಸ. ಹೇಳುವುದು ನಾವಲ್ಲ, ಯಂತ್ರ. ಅದಕ್ಕೆ ಸರ್ಕಾರ ಇಟ್ಟ ಹೆಸರು ಎರಡು ಸಾಲು ಉದ್ದವಿದೆ. ನಾವು ಅದನ್ನು ಪಂಚಾಂಗ ಎನ್ನುತ್ತೇವೆ.

ಪಂಚಾಂಗಕ್ಕೆ ಕಣ್ಣು ಕಿವಿ ಎಲ್ಲಾ ಕಡಗವೇ. ಮುಂಗೈಗೆ ಹಾಕುವ ತೆಳ್ಳಗಿನ ಬೂದು ಪಟ್ಟಿ. ಬೆರಳು ಹೇಗೆ ಆಡುತ್ತದೆ, ಎಲ್ಲಿ ತಡವರಿಸುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ, ಮಾಡಿದ ತಪ್ಪನ್ನು ಎಷ್ಟನೇ ಸಲಕ್ಕೆ ತಿದ್ದಿಕೊಳ್ಳುತ್ತದೆ ಎಂದು ಅದು ನಲವತ್ತು ದಿನ ನೋಡುತ್ತದೆ. ಆಮೇಲೆ ಒಂದು ಅಂಕಿ ಕೊಡುತ್ತದೆ. ಅದೇ ಕಲಿಕೆಯ ದಿನ. ಹೊಲಿಗೆ ಕಾರ್ಖಾನೆಯವರಿಗೆ ಹೊಸ ಕೆಲಸ ಕಲಿಯಲು ನೂರಾ ಇಪ್ಪತ್ತು ದಿನ ಬೇಕು ಎಂದಿತ್ತು, ಹಾಗೇ ಆಯಿತು. ಲಾರಿ ಚಾಲಕರಿಗೆ ನೂರಾ ನಲವತ್ತು ಎಂದಿತ್ತು, ಅದೂ ಹಾಗೇ ಆಯಿತು. ಹೀಗಾಗಿ ಪಂಚಾಂಗದ ಮಾತೆಂದರೆ ಎಲ್ಲರಿಗೂ ಭಕ್ತಿ.

ಈಗ ಮಂಡಕ್ಕಿ ಭಟ್ಟಿಗಳ ಸರದಿ. ಹೊಗೆ ಹೆಚ್ಚಾಯಿತೆಂದು ಊರಿನ ಆರುನೂರ ಹನ್ನೆರಡು ಒಲೆಗಳನ್ನೂ ಮುಚ್ಚಬೇಕೆಂದು ಆದೇಶವಾಗಿತ್ತು. ಅಲ್ಲಿಯವರಿಗೆ ಹೊಸ ಕಾರ್ಖಾನೆಯಲ್ಲಿ, ಹೃದಯ ಬಡಿತ ಅಳೆಯುವ ಪಟ್ಟಿಗಳಿಗೆ ಕೂದಲೆಳೆಯಂಥ ತಂತಿ ಕೂರಿಸುವ ಕೆಲಸ. ಆರುನೂರ ಹನ್ನೆರಡು ಕಡಗ ಹಂಚಿದೆವು. ಅವರಲ್ಲಿ ಅರವತ್ತು ಜನಕ್ಕೆ ಮನೆಯಲ್ಲೇ ಕೈ ಪಳಗಿಸಿಕೊಳ್ಳಲಿ ಎಂದು ತಂತಿ, ಭೂತಗನ್ನಡಿ, ಚಿಮಟಿಗೆ ಇರುವ ಅಭ್ಯಾಸದ ಪೆಟ್ಟಿಗೆ ಕೊಟ್ಟೆವು. ಪಂಚಾಂಗ ಹೇಳಿದ ಅಂಕಿ ನೋಡಿ ನಮ್ಮ ನಿರ್ದೇಶಕರು ಮುಕುಂದ ಸರ್ ಕುರ್ಚಿಯಿಂದ ಎದ್ದೇ ನಿಂತರು. ಅಂಕಿ ನಲವತ್ತು!

"ನೂರಾ ಇಪ್ಪತ್ತಲ್ಲ, ನಲವತ್ತು! ನೋಡಮ್ಮ ನೀಲಗಂಗಾ, ಇಡೀ ರಾಜ್ಯದಲ್ಲಿ ಹಿಂಗೆ ಕಲಿಯೋ ಕೈ ಇಲ್ಲ. ಅದರಲ್ಲೂ ಈ ನಾಲ್ಕು ನಾಲ್ಕು ಒಂದು ಏಳು ಇದಾಳಲ್ಲ, ದಿನಕ್ಕೆ ಹದಿನಾರು ಗಂಟೆ ಕೆಲಸ ಮಾಡಿದ್ರೂ ಬೆರಳು ನಡುಗಲ್ಲ. ಗುರುವಾರ ಆಯುಕ್ತರು ಬರ್ತಾರೆ. ಅವಳನ್ನೇ ಕೂರಿಸಿ ತೋರಿಸಿಬಿಡೋಣ. ನೀನು ವರದಿಗೆ ಸಹಿ ಹಾಕಿಡು."

ಆ ಸಹಿಯ ಅರ್ಥವೇನೆಂದು ನನಗೆ ಗೊತ್ತಿತ್ತು. ನಲವತ್ತು ದಿನ ತರಬೇತಿ, ನಲವತ್ತೊಂದನೇ ದಿನ ಪರೀಕ್ಷೆ, ಅದೇ ದಿನ ಒಲೆ ಬಂದ್. ಪಾಸಾದವರಿಗೆ ಕುರ್ಚಿ, ಫೇಲಾದವರ ಹೆಸರು ಪಟ್ಟಿಯಿಂದ ಔಟ್.

ಸೋಮವಾರ ಆ ಅದ್ಭುತ ಕೈಯನ್ನು ಕಣ್ಣಾರೆ ನೋಡೋಣವೆಂದು ತರಬೇತಿ ಕೋಣೆಗೆ ಕರೆಸಿದೆ. ಬಂದವಳ ಹೆಸರು ಹಸೀನಾ. ಮೂವತ್ತೈದರ ಆಸುಪಾಸು, ತೆಳ್ಳಗಿನ ಹೆಂಗಸು. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಗೊತ್ತಾಗದೆ ಒಂದನ್ನು ಬಿಟ್ಟು ಇನ್ನೊಂದರಲ್ಲಿ ನಿಂತಿದ್ದಳು. ಕೂರಿಸಿ ಚಿಮಟಿಗೆ ಕೊಟ್ಟೆ. ಮೊದಲ ಹತ್ತು ತಂತಿ ಚೆನ್ನಾಗೇ ಕೂರಿಸಿದಳು. ಹದಿನೈದನೆಯದು ಜಾರಿತು. ಒಂದು ಗಂಟೆಯಲ್ಲಿ ಅವಳ ಬೆರಳು ನಡುಗತೊಡಗಿತು, ಹಣೆಯ ಬೆವರು ಗಾಜಿನ ಮೇಲೆ ಬಿತ್ತು. ನನ್ನ ಕೈಯಲ್ಲಿದ್ದ ಪರದೆಯ ಮೇಲೆ ಅವಳ ಗೆರೆ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗಿಳಿಯಿತು.

"ಯಾಕಮ್ಮ, ಹುಷಾರಿಲ್ವಾ?" ಎಂದೆ.

"ಹುಷಾರಾಗೇ ಇದೀನಿ ಮೇಡಂ. ಒಬ್ಬಳೇ ಅಲ್ವಾ, ಅದಕ್ಕೆ" ಎಂದಳು. ಹೇಳಿದವಳೇ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದಳು.

ಒಬ್ಬಳೇ ಎಂದರೇನು? ಕೆಲಸವೇ ಒಬ್ಬರದು! ಮುಕುಂದ ಸರ್‌ಗೆ ಹೇಳಿದೆ. "ಕಡಗ ಕೆಟ್ಟಿರಬೇಕು, ಬೇರೆ ಹಾಕಿಸು" ಎಂದರು. ಬೇರೆ ಹಾಕಿಸಿದೆ. ಅದೂ ಅದನ್ನೇ ಹೇಳಿತು. ಹಸೀನಾ ಮಾತ್ರ ಹೊಸ ಕಡಗವನ್ನು ಬಿಚ್ಚಿಕೊಟ್ಟು, ಹಳೆಯದನ್ನೇ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಹೋದಳು.

ಮನೆಗೆ ಹೋದರೆ ಅಲ್ಲಿಯೂ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ನನ್ನ ತಂಗಿಯ ಮಗುವಿನ ನಾಮಕರಣ. ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕುತ್ತ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಊರೆಲ್ಲ ಕರೆಯುತ್ತಿದ್ದಳು. "ನಾಳೆ ನಿಮ್ಮನೇಲಿ ಒಲೆ ಹಚ್ಚಬ್ಯಾಡ್ರಿ, ಹಾಂ, ಒಲೆ ಹಚ್ಚಂಗಿಲ್ಲ ನೋಡ್ರಿ."

"ಅವ್ವಾ, ಒಟ್ಟು ಎಷ್ಟು ಜನ ಬರ್ತಾರೆ?" ಎಂದೆ. ನನ್ನದು ಲೆಕ್ಕದ ಬುದ್ಧಿ.

"ಇಪ್ಪತ್ತು ಒಲೆ."

"ಒಲೆ ಅಲ್ಲವ್ವಾ, ಜನ."

"ಅಯ್ಯ, ಎಷ್ಟು ಮಂದಿ ಬರ್ತೀರಿ ಅಂತ ಯಾರಾದ್ರೂ ಕೇಳ್ತಾರೇನೆ? ನಾಚಿಕೆಗೇಡು! ಒಲೆ ಕರೆದ್ರೆ ಆ ಒಲೆ ಮೇಲೆ ಉಣ್ಣೋರೆಲ್ಲಾ ಬಂದಂಗೆ. ಓದಿದ್ದೀಯಂತೆ, ಇಷ್ಟು ಗೊತ್ತಾಗಂಗಿಲ್ಲ ನಿನಗೆ."

ಅವ್ವ ಬೈದದ್ದು ಮಾಮೂಲು. ಆದರೆ ನಮ್ಮ ಎಣಿಕೆಯ ಫಾರಂ ನೆನಪಾಯಿತು. ಭಟ್ಟಿಗೆ ಹೋದ ನಮ್ಮ ಹುಡುಗರು ಕೇಳಿದ್ದ ಮೊದಲ ಪ್ರಶ್ನೆ "ಈ ಒಲೆ ಯಾರದು?" ಎಂದು. ಫಾರಂ ಬರೆದವಳು ನಾನೇ. ನಾಮಕರಣದ ದಿನ ಬೆಳಗ್ಗೆ ಅವ್ವನ ಕೈಗೆ ಸಿಕ್ಕದಂತೆ ಹಿತ್ತಿಲ ಬಾಗಿಲಿಂದ ಜಾರಿ ಭಟ್ಟಿಯ ಓಣಿಗೆ ಓಡಿದೆ.

ಓಣಿ ತುಂಬ ಹೊಗೆ, ಕಣ್ಣು ಬಿಡಲಾಗದ ಉರಿ. ಒಂದೊಂದು ಶೆಡ್ಡಿನಲ್ಲಿ ಒಂದೊಂದು ದೊಡ್ಡ ಒಲೆ, ಅದರ ಮೇಲೆ ಕಾದ ಮರಳಿನ ಬಾಣಲಿ. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಹಾಕಿ ಕೈಯಾಡಿಸುವುದೇ ತಡ, ಚಟಪಟನೆ ಅರಳಿ ಬಿಳಿಯಾಗಿ ಮೇಲೇಳುತ್ತದೆ. ಆ ಕ್ಷಣ ಬಿಟ್ಟರೆ ಸೀದು ಹೋಗುತ್ತದೆ. ಹಸೀನಾಳ ಒಲೆಯ ಮುಂದೆ ನಿಂತದ್ದು ಹಸೀನಾ ಅಲ್ಲ. ಐವತ್ತೈದು ದಾಟಿದ, ಹಣೆಯ ಮೇಲೆ ವಿಭೂತಿಯ ಗುರುತಿದ್ದ ಗಟ್ಟಿ ಹೆಂಗಸು. ಅವಳ ಮುಂಗೈಯಲ್ಲಿ ನಾಲ್ಕು ಸಾವಿರದ ನಾನೂರ ಹದಿನೇಳು!

ನಾನು ನೋಡುತ್ತಿದ್ದಂತೆಯೇ ಅವಳು ಜರಡಿ ಕೆಳಗಿಟ್ಟು, ಕಡಗ ಬಿಚ್ಚಿ, ಗೋಡೆಯ ಮೊಳೆಗೆ ನೇತುಹಾಕಿದಳು. ಒಳಗಿನಿಂದ ಬಂದ ಇನ್ನೊಬ್ಬಳು ಅದನ್ನು ತೆಗೆದು ಹಾಕಿಕೊಂಡು ಒಲೆಯ ಮುಂದೆ ನಿಂತಳು. ಎಷ್ಟು ಸಹಜವಾಗಿ ಎಂದರೆ, ಅಡುಗೆಮನೆಯಲ್ಲಿ ಒಬ್ಬರು ಇಟ್ಟ ಸೌಟು ಇನ್ನೊಬ್ಬರು ಎತ್ತಿಕೊಂಡ ಹಾಗೆ.

"ಏನ್ ಮಾಡ್ತಿದ್ದೀರಿ?" ನನ್ನ ದನಿ ಕೀರಲಾಗಿತ್ತು. "ಆ ಕಡಗ ಯಾರದು?"

"ಒಲೇದು" ಎಂದಳು ಆ ಗಟ್ಟಿ ಹೆಂಗಸು.

ಅವಳು ಕೊಟ್ರಮ್ಮ, ಪಕ್ಕದ ಮನೆಯವಳು. ಈಗ ಒಲೆಯ ಮುಂದೆ ನಿಂತವಳು ಹಸೀನಾಳ ನಾದಿನಿ ಪರ್ವೀನ್. ಹಸೀನಾ ಒಳಗೆ ಅಕ್ಕಿ ಹದ ಮಾಡುತ್ತಿದ್ದಳು. ನನ್ನ ದನಿ ಕೇಳಿ ಒದ್ದೆ ಕೈಯಲ್ಲೇ ಓಡಿ ಬಂದಳು.

ಆ ಮೂವರೂ ಒಟ್ಟಿಗೆ ಹೇಳಿದ್ದನ್ನು ಬಿಡಿಸಿಕೊಂಡು ಅರ್ಥ ಮಾಡಿಕೊಳ್ಳಲು ನನಗೆ ಅರ್ಧ ಗಂಟೆ ಬೇಕಾಯಿತು. ಭಟ್ಟಿಯಲ್ಲಿ ಅವರಜ್ಜಿಯರ ಕಾಲದಿಂದಲೂ ಒಲೆಗೊಂದೇ ಹೆಸರು. ಆ ಉರಿಯ ಮುಂದೆ ಒಬ್ಬರೇ ದಿನವಿಡೀ ನಿಲ್ಲಲಾಗದು. ಗಂಟೆಗೊಬ್ಬರು ಕೈ ಬದಲಿಸುತ್ತಾರೆ. ಬಸುರಿಯಾದವಳ, ಜ್ವರ ಬಂದವಳ ಜಾಗಕ್ಕೆ ಪಕ್ಕದವಳು ನಿಲ್ಲುತ್ತಾಳೆ. ಹೆಸರು ಮಾತ್ರ ಬದಲಾಗದು. ನಮ್ಮ ಹುಡುಗರು ಬಂದು ಈ ಒಲೆ ಯಾರದು ಎಂದರು, ಹಸೀನಾದು ಎಂದರು. ಒಂದು ಕಡಗ ಕೊಟ್ಟರು. ಯಾರು ನಿಂತರೆ ಅವರು ಹಾಕಿಕೊಂಡರು. ಅಭ್ಯಾಸದ ಪೆಟ್ಟಿಗೆ ಬಂದಾಗ ಅದನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಅದರ ಮುಂದೆಯೂ ಸರದಿಯಲ್ಲೇ ಕೂತರು. ಇದರಲ್ಲಿ ಮೋಸ ಎಂಬ ಮಾತೇ ಅವರ ತಲೆಗೆ ಬಂದಿರಲಿಲ್ಲ. ಹಸೀನಾಗೆ ಅದು ಹೊಳೆದದ್ದು ನಿನ್ನೆ, ನಮ್ಮ ಕೋಣೆಯಲ್ಲಿ, ಒಬ್ಬಳೇ ಕೂತಾಗ.

"ಎಲ್ಲಾ ಒಲೆಯಲ್ಲೂ ಹಿಂಗೇನಾ?"

"ಮತ್ತೆ? ಒಬ್ಬಳೇ ನಿಂತ್ರೆ ಸಾಯ್ತಾಳೆ" ಎಂದಳು ಕೊಟ್ರಮ್ಮ.

ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತೆ. ಪಂಚಾಂಗಕ್ಕೆ ಸುಸ್ತಾಗದ ಕೈ ಕಂಡದ್ದು ಹೀಗೆ! ಮೂವರು ಕಲಿತದ್ದನ್ನು ಅದು ಒಬ್ಬಳ ಹೆಸರಿಗೆ ಬರೆದಿತ್ತು. ನೂರಾ ಇಪ್ಪತ್ತನ್ನು ಮೂರರಿಂದ ಭಾಗಿಸಿದರೆ ನಲವತ್ತು. ಮೂರನೇ ಇಯತ್ತೆಯ ಮಗು ಮಾಡುವ ಲೆಕ್ಕ. ಆದರೆ ಕಡಗ ನಾಡಿಯನ್ನೂ ನೋಡುತ್ತದೆ, ಕೈ ಬದಲಾದರೆ ಕೂಗಬೇಕು. ಅದು ಯಾಕೆ ಸುಮ್ಮನಿತ್ತು? ಉತ್ತರ ನೆನಪಾಯಿತು. ಭಟ್ಟಿಯಿಂದ ಮೊದಮೊದಲು ಬಂದ ನಾಡಿಯೆಲ್ಲ ಏರುಪೇರಾಗಿತ್ತು. ಉರಿಗೆ ಹೀಗಾಗುತ್ತಿದೆ ಎಂದುಕೊಂಡು, ಒಲೆಯ ಹತ್ತಿರ ಇದ್ದಾಗ ನಾಡಿ ಬದಲಾದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಪಂಚಾಂಗಕ್ಕೆ ಒಂದು ಸೂತ್ರ ಬರೆದುಕೊಟ್ಟವಳು ನಾನು. ಒಂಬತ್ತನೇ ಸೂತ್ರ. ಅದಕ್ಕಾಗಿ ನನಗೆ ಶಾಲು ಹೊದಿಸಿ ಸನ್ಮಾನ ಬೇರೆ ಮಾಡಿದ್ದರು.

"ಮೇಡಂ, ಹೇಳಬ್ಯಾಡ್ರಿ" ಎಂದಳು ಹಸೀನಾ. "ಕಡಗ ಬದಲಾಯಿಸಿದ್ರೆ ಹೆಸರು ತೆಗೀತೀವಿ ಅಂತ ಕಡಗದ ಜೊತೆ ಕೊಟ್ಟ ಕಾಗದದಾಗೆ ಬರೆದೈತಂತೆ. ನಾನು ಹಗಲೂ ರಾತ್ರಿ ಕಲಿತೀನಿ. ಒಂದು ಕುರ್ಚಿ ಆದ್ರೂ ಉಳೀಲಿ. ಬಂದದ್ದನ್ನ ಮೂರು ಮನೆಯೋರೂ ಹಂಚ್ಕೊಂತೀವಿ."

"ಏನು ಹಂಚ್ಕೊಂತೀಯವ್ವಾ?" ಕೊಟ್ರಮ್ಮ ಅವಳ ಕಡೆ ತಿರುಗಿದಳು. "ನಲವತ್ತೇ ದಿನಕ್ಕೆ ಪರೀಕ್ಷೆ ಅಂತಾರೆ. ನಿನ್ನೆ ಒಂದು ತಾಸಿಗೇ ಕೈ ನಡುಗಿತು ಅಂತ ನೀನೇ ಅಳ್ತಾ ಹೇಳಿದೆಲ್ಲ! ನೀನೂ ಬೀಳ್ತಿ, ನಾವೂ ಬೀಳ್ತೀವಿ. ಮೇಡಮ್ಮಾರೆ, ಹೇಳ್ರಿ ನೀವು. ನಾನು ಮೂವತ್ತು ವರ್ಷ ಈ ಬಾಣಲಿ ಮುಂದೆ ನಿಂತೀನಿ. ನಿಮ್ಮ ಯಂತ್ರದಾಗೆ ನಾನು ಹುಟ್ಟೇ ಇಲ್ಲ ಅಂದ್ರೆ ಹೆಂಗೆ?"

"ಹೇಳಿದ್ರೆ ಎಲ್ಲಾ ಹೋಗ್ತದೆ ಕೊಟ್ರಕ್ಕ!"

"ಹೇಳದಿದ್ರೆ ನಾನು ಹೆಂಗೂ ಹೋದೆ."

ಬಾಣಲಿಯಲ್ಲಿ ಮಂಡಕ್ಕಿ ಸೀದ ವಾಸನೆ ಬಂದಾಗ ಮೂವರೂ ಒಟ್ಟಿಗೆ ಒಲೆಯ ಕಡೆ ಓಡಿದರು.

ಅಲ್ಲಿಂದ ಸೀದಾ ಕೇಂದ್ರಕ್ಕೆ ಹೋಗಿ, ಪಂಚಾಂಗದ ಮುಂದೆ ಒಂದು ತಾಸು ಕೂತು, ಆಮೇಲೆ ಮುಕುಂದ ಸರ್ ಮುಂದೆ ನಿಂತೆ. ಎಲ್ಲ ಕೇಳಿದ ಮೇಲೆ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಆರುನೂರ ಹನ್ನೆರಡು ಕುರ್ಚಿಗಾಗಿ ಮೂರು ವರ್ಷ ವಿಧಾನಸೌಧದ ಮೆಟ್ಟಿಲು ಹತ್ತಿ ಇಳಿದಿದ್ದರು.

"ನಿಜವಾಗಿ ಎಷ್ಟು ಜನ ಇದ್ದಾರೆ?"

"ಒಂಬತ್ತನೇ ಸೂತ್ರ ತೆಗೆದು ನೋಡಿದೆ ಸರ್. ಸಾವಿರದ ಏಳುನೂರ ತೊಂಬತ್ತೆಂಟು."

"ಅಷ್ಟು ಜನ ಅಂತ ಮೇಲೆ ಹೇಳು, ಯೋಜನೆಯ ಬಾಗಿಲೇ ಹಾಕ್ತಾರೆ. ಈಗ ಆರುನೂರು ಮನೆಗಾದ್ರೂ ದಾರಿ ಇದೆ. ನೀನು ಸತ್ಯ ಹೇಳಿ ಅದನ್ನೂ ಮುಚ್ಚಿಸ್ತೀಯಾ? ಸಹಿ ಹಾಕು. ಆಮೇಲೆ ನಿಧಾನಕ್ಕೆ ತಿದ್ದೋಣ."

"ಒಲೆ ಮುಚ್ಚಿದ ಮೇಲೆ ಏನನ್ನ ತಿದ್ದೋದು ಸರ್?"

ಅವರು ಕನ್ನಡಕ ಹಾಕಿಕೊಂಡು ವರದಿಯನ್ನು ನನ್ನ ಕಡೆ ತಳ್ಳಿದರು. ನಾನು ಸಹಿ ಹಾಕಲೂ ಇಲ್ಲ, ಹಾಕುವುದಿಲ್ಲ ಎನ್ನಲೂ ಇಲ್ಲ. ಬುಧವಾರವಿಡೀ ಕಾರಿಡಾರಿನಲ್ಲಿ ಶತಪಥ ಹಾಕಿದೆ. ಕೇಂದ್ರದ ನಮಗೆಲ್ಲರಿಗೂ ಒಂದೊಂದು ಕಡಗ ಇದೆ. ಅದು ನನ್ನ ಕೈಗೆ ಗಂಟೆಗೊಮ್ಮೆ ಮೃದುವಾಗಿ ಚುಚ್ಚಿ, ಇವತ್ತು ನಿಮ್ಮ ಕೆಲಸ ಶೂನ್ಯ ಎಂದು ನೆನಪಿಸುತ್ತಿತ್ತು. ಅದನ್ನು ಬಿಚ್ಚಿ ಮೇಜಿನ ಖಾನೆಗೆ ಎಸೆದೆ.

ಗುರುವಾರ ಸಭಾಂಗಣ ತುಂಬಿತ್ತು. ಆಯುಕ್ತರು ಮುಂದಿನ ಸಾಲಿನಲ್ಲಿ ಕೂತಿದ್ದರು, ಬೆಳ್ಳಗಾದ ಮೀಸೆಯ ಗಂಭೀರ ಮನುಷ್ಯ. ವೇದಿಕೆಯ ಮೇಲೆ ಹಸೀನಾ, ಅವಳ ಮುಂದೆ ತಂತಿಯ ಪೆಟ್ಟಿಗೆ. ಬಾಗಿಲ ಬಳಿ ಕೊಟ್ರಮ್ಮ ಮತ್ತು ಪರ್ವೀನ್ ನಿಂತಿದ್ದರು. ಅವರನ್ನು ಒಳಗೆ ಬಿಟ್ಟಿರಲಿಲ್ಲ, ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಮುಕುಂದ ಸರ್ ನಲವತ್ತು ದಿನದ ಪವಾಡವನ್ನು ಬಣ್ಣಿಸುತ್ತಿದ್ದರು. ಹಸೀನಾ ಚಿಮಟಿಗೆ ಎತ್ತಿಕೊಂಡಳು. ಮೊದಲ ತಂತಿಯೇ ಜಾರಿತು. ಅವಳು ಬಾಗಿಲ ಕಡೆ ನೋಡಿದಳು. ಆ ನೋಟವನ್ನು ನಾನು ನೋಡಬಾರದಿತ್ತು. ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನ ಕೈಯಲ್ಲಿದ್ದ ಪರದೆಯಲ್ಲಿ ಪಂಚಾಂಗ ತೆರೆದು ಒಂಬತ್ತನೇ ಸೂತ್ರವನ್ನು ಅಳಿಸಿದೆ.

ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ನಾಲ್ಕು ಸಾವಿರದ ನಾನೂರ ಹದಿನೇಳರ ಒಂದೇ ಗೆರೆ ಒಡೆದು ಮೂರು ಬಣ್ಣದ ಮೂರು ಗೆರೆಯಾಯಿತು. ಪಕ್ಕದಲ್ಲಿದ್ದ ಗೆರೆಗಳೂ ಒಂದಾದ ಮೇಲೊಂದು ಒಡೆದವು. ಸಭೆಯಲ್ಲಿ ಗುಸುಗುಸು ಎದ್ದಿತು.

"ಇದೇನ್ರೀ, ಒಂದು ಕೈಯಲ್ಲಿ ಮೂರು ನಾಡಿ?" ಎಂದರು ಆಯುಕ್ತರು. "ಕಡಗ ಬದಲಾಯಿಸಿದ್ದಾರಾ? ಹಾಗೆ ಮಾಡಿದವರ ಹೆಸರು ತೆಗೆಯಬೇಕು ಅಂತ ನಿಯಮ ಇದೆ ಅಲ್ವಾ?"

ಎದ್ದು ನಿಂತೆ. "ಇದೆ ಸರ್. ಆದರೆ ತಪ್ಪು ಅವರದಲ್ಲ. ಈ ಒಲೆ ಯಾರದು ಅಂತ ನಾವು ಕೇಳಿದೆವು, ಅವರು ನಿಜ ಹೇಳಿದರು. ಈ ಒಲೆ ಮುಂದೆ ಯಾರ್ಯಾರು ನಿಲ್ತೀರಿ ಅಂತ ನಾವು ಕೇಳಲೇ ಇಲ್ಲ. ಕೈ ಬೇರೆ ಬೇರೆ ಅಂತ ಕಡಗ ದಿನಾ ಕೂಗ್ತಿತ್ತು. ಅದರ ಬಾಯಿ ಮುಚ್ಚಿಸಿದವಳು ನಾನು. ಹೆಸರು ತೆಗೆಯೋದಾದರೆ ಮೊದಲು ನನ್ನದು ತೆಗೀರಿ."

ಆಗ ಹಸೀನಾ ಎದ್ದಳು. ಎರಡು ದಿನದ ಹಿಂದೆ ಹೇಳಬ್ಯಾಡ್ರಿ ಎಂದು ಬೇಡಿಕೊಂಡವಳು. ಕಡಗ ಬಿಚ್ಚಿ ಆಯುಕ್ತರ ಮುಂದಿನ ಮೇಜಿನ ಮೇಲೆ, ನೀರಿನ ಲೋಟದ ಪಕ್ಕದಲ್ಲಿಟ್ಟಳು.

"ಇದು ಒಲೇದು ಸಾರ್. ಒಲೆ ಮುಚ್ಚತೀವಿ ಅಂದ್ಮೇಲೆ ಇದನ್ನೂ ತಗೊಂಬಿಡ್ರಿ. ನಾವು ಮೂರು ಜನ ಇದೀವಿ. ಇನ್ನಿಬ್ಬರು ಅಲ್ಲಿ ಬಾಗಿಲಾಗೆ ನಿಂತಾರೆ. ಅಳೆಯೋದಾದ್ರೆ ಬೇರೆ ಬೇರೆ ಅಳೀರಿ."

ಆಯುಕ್ತರು ಬಾಗಿಲ ಕಡೆ ತಿರುಗಿ ನೋಡಿದರು. "ಅವರನ್ನ ಒಳಗೆ ಬಿಡ್ರೀ" ಎಂದರು.

ಯೋಜನೆಯ ಬಾಗಿಲು ಹಾಕಲಿಲ್ಲ. ಹಾಗೆಂದು ಹಾಲು ಜೇನೂ ಹರಿಯಲಿಲ್ಲ. ಮರು ಎಣಿಕೆಗೆ ಆದೇಶವಾಯಿತು, ಅಲ್ಲಿಯವರೆಗೆ ಒಲೆ ಮುಚ್ಚುವಂತಿಲ್ಲ. ತರಬೇತಿ ನಲವತ್ತರಿಂದ ನೂರಾ ಇಪ್ಪತ್ತು ದಿನಕ್ಕೆ ಏರಿತು. ಕಾರ್ಖಾನೆಯವರು ಬಹಳ ಗೊಣಗಾಡಿ ಎರಡು ಪಾಳಿ ನಡೆಸಲು ಒಪ್ಪಿದರು. ಸಾವಿರದ ಇನ್ನೂರ ಇಪ್ಪತ್ನಾಲ್ಕು ಜನಕ್ಕೆ ಜಾಗವಾಯಿತು. ಮೂರನೇ ಪಾಳಿಗೆ, ನೋಡೋಣ ಎಂದರು. ನನ್ನನ್ನು ಪಂಚಾಂಗದ ಕೋಣೆಯಿಂದ ಹೊರಗೆ ಹಾಕಿ, ಹೆಗಲಿಗೊಂದು ಚೀಲ ಕೊಟ್ಟು ಓಣಿಗೆ ಕಳಿಸಿದರು. ಚೀಲದ ತುಂಬ ಹೊಸ ಕಡಗ. ಒಲೆಯಿಂದ ಒಲೆಗೆ ತಿರುಗಿ, ಈ ಒಲೆ ಮುಂದೆ ಯಾರ್ಯಾರು ನಿಲ್ತೀರಿ ಎಂದು ಕೇಳಿ ಕೇಳಿ ಗಂಟಲು ಕಟ್ಟಿತು.

ಕೊಟ್ರಮ್ಮನಿಗೆ ಕಡಗ ಹಾಕಿ, "ಹೆಸರು ಹೇಳ್ರಿ" ಎಂದೆ.

"ಹಸೀನಾ ಒಲೆ" ಎಂದಳು ಅಭ್ಯಾಸಬಲದಿಂದ. ಆಮೇಲೆ ತಾನೇ ನಕ್ಕು, "ಕೊಟ್ರಮ್ಮ. ಕೊಟ್ರಮ್ಮ ಅಂತ ಬರೀರಿ" ಎಂದಳು. ಗಂಟೆ ಕಳೆದು ಪರ್ವೀನಳ ಸರದಿ ಬಂದಾಗ ಕಡಗ ಬಿಚ್ಚಿ ಮೊಳೆಗೆ ನೇತುಹಾಕಿಯೇ ಬಿಟ್ಟಿದ್ದಳು. ನಾನು ಕೂಗಿಕೊಂಡ ಮೇಲೆ ನಾಲಿಗೆ ಕಚ್ಚಿಕೊಂಡು ಮತ್ತೆ ಹಾಕಿಕೊಂಡಳು.

ನಲವತ್ತು ದಿನದ ಮೇಲೆ ಪಂಚಾಂಗ ಎಲ್ಲರ ಅಂಕಿ ಕೊಟ್ಟಿತು. ಹಸೀನಾಗೆ ನೂರಾ ಐದು ದಿನ. ಪರ್ವೀನಳಿಗೆ ತೊಂಬತ್ತು. ಕೊಟ್ರಮ್ಮನಿಗೆ ನೂರಾ ಅರವತ್ತು. ತರಬೇತಿ ಇದ್ದದ್ದು ನೂರಾ ಇಪ್ಪತ್ತು. ಅಂಕಿ ಸುಳ್ಳಲ್ಲ. ಈ ಸಲ ನಾನು ಹತ್ತು ಬಾರಿ ನೋಡಿದೆ, ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿದೆ, ಸಿಗಲಿಲ್ಲ. ಹೇಳ್ರಿ ಎಂದು ನನಗೆ ಧೈರ್ಯ ಕೊಟ್ಟವಳೇ ಪಟ್ಟಿಯಿಂದ ಹೊರಗೆ ಬಿದ್ದಿದ್ದಳು.

ಆ ಕಾಗದ ಹಿಡಿದು ಅವಳ ಮುಂದೆ ನಿಂತಾಗ ನನಗೆ ಅಳು ಬಂತು. ಅವಳೇ ನನ್ನ ಕೈಯಿಂದ ಕಾಗದ ಕಿತ್ತುಕೊಂಡು, ಪರ್ವೀನಳಿಂದ ಓದಿಸಿದಳು. ಹಸೀನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಳಬ್ಯಾಡ್ರಿ ಮೇಡಮ್ಮಾರೆ" ಎಂದಳು ಕೊಟ್ರಮ್ಮ. "ಇದ್ರಾಗೆ ನನ್ನ ಹೆಸರು ಎಲ್ಲೈತೆ? ಇದಾ? ನಲವತ್ತು ದಿನ ಕಮ್ಮಿ ಬಿದ್ದೈತಿ, ಅಷ್ಟೇ ತಾನೆ? ಮೊದಲು ನಾನು ಇಲ್ಲದಂಗೆ ಹೋಗ್ತಿದ್ದೆ, ಯಾರನ್ನ ಏನಂತ ಕೇಳ್ತಿದ್ದೆ? ಈಗ ಕೇಳಾಕೆ ಕಾಗದ ಐತಲ್ಲ." ಬಾಣಲಿಯ ಕೆಳಗಿನ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ, ಆ ಮೀಸೆ ಸಾಹೇಬ್ರ ಆಫೀಸು ಎಲ್ಲೈತೆ ತೋರಿಸ್ರಿ. ಇನ್ನೂ ನಲವತ್ತು ದಿನ ಕೊಡ್ರಿ ಅಂತ ಕೇಳೋಣ. ನನ್ನಂಗೆ ಎಷ್ಟು ಜನ ಬಿದ್ದಾರೆ, ಅವರನ್ನೂ ಕರೀರಿ."

ಐನೂರಕ್ಕೂ ಹೆಚ್ಚು ಜನ ಇದ್ದರು. ಪಟ್ಟಿ ನನ್ನ ಚೀಲದಲ್ಲೇ ಇತ್ತು. ನಾನು ಅದನ್ನು ತಡಕಾಡುವಷ್ಟರಲ್ಲಿ ಕೊಟ್ರಮ್ಮ ಓಣಿಯ ತಿರುವು ದಾಟಿ, ಪಕ್ಕದ ಶೆಡ್ಡಿಗೆ ತಲೆ ಹಾಕಿ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದಳು. ಒಲೆಯ ಹೆಸರಲ್ಲ, ಅವರವರ ಹೆಸರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ ಓಡಿದೆ.